ೞಕಾರದ ಸಂಕೇತ: ಸಿದ್ಧಪಾಠದ ಪುನರುಪಯೋಗವೂ ಅದರ ಮೇರೆಯೂ

೧

ಹಳೇಕೋಟೆ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳನ್ನೊಳಗೊಂಡ ಹಾಸನದ ಸೀಮೆಯು ಶಾಸನಸಂಪತ್ತಿಗೆ ಹೆಸರಾದುದು. ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ೧೯೦೨ರಲ್ಲಿ ಹೊರಬಂದ ಐದನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಆ ಸಂಪುಟವನ್ನು ಕ್ರಮವಾಗಿ ಓದುವ ಶ್ರಮವನ್ನು ವಹಿಸಿದವರಿಗೆ ಒಂದು ಸಂಗತಿಯು ಬೇಗನೆ ಗೋಚರವಾಗುತ್ತದೆ. ದಾನ ಕೊಟ್ಟವರು ಬೇರೆ, ಪಡೆದವರು ಬೇರೆ, ಭೂಮಿಯ ಎಲ್ಲೆಕಟ್ಟು ಬೇರೆ. ಆದರೆ ಶಾಸನದ ಮೊದಲೂ ಕೊನೆಯೂ ಬಹುಮಟ್ಟಿಗೆ ಒಂದೇ. ಮೊದಲಲ್ಲಿ ಅರಸನ ಬಿರುದಾವಳಿ. ಕೊನೆಯಲ್ಲಿ, ತಾನು ಕೊಟ್ಟುದನ್ನಾಗಲಿ ಪರರು ಕೊಟ್ಟುದನ್ನಾಗಲಿ ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಶಾಪಶ್ಲೋಕ. ಇವು ಶಾಸನಕವಿಯು ಆಯಾ ದಿನ ಹೊಸದಾಗಿ ರಚಿಸಿದ ಮಾತುಗಳಲ್ಲ. ಸಿದ್ಧವಾಗಿದ್ದ ಪಾಠವನ್ನು ತಂದು ಬೇಕಾದೆಡೆಯಲ್ಲಿ ಕೂಡಿಸಿದವು.

ಈ ಪದ್ಧತಿಯ ಪ್ರಯೋಜನವು ಸ್ಪಷ್ಟವಾಗಿಯೇ ಇದೆ. ಬರೆಯುವವನಿಗೆ ಶ್ರಮ ಉಳಿಯಿತು. ಓದುವವನಿಗೆ ಪರಿಚಿತವಾದ ಪಾಠವಾದುದರಿಂದ ಅರ್ಥದಲ್ಲಿ ಸಂಶಯ ಉಳಿಯಲಿಲ್ಲ. ಶತಮಾನಗಳ ಬಳಕೆಯಿಂದ ಆ ಮಾತುಗಳಿಗೆ ಒಂದು ಬಗೆಯ ಪ್ರಾಮಾಣ್ಯವೂ ಬಂದಿತು. ಆದರೆ ಇದೇ ಪದ್ಧತಿಯಲ್ಲಿ ಒಂದು ದೋಷವೂ ಅಡಗಿತ್ತು. ಹೊಯ್ಸಳರ ಪ್ರಶಸ್ತಿಯಲ್ಲಿ ‘ದ್ವಾರಾವತೀಪುರವರಾಧೀಶ್ವರ’, ‘ಮಲೆಪರೊಳ್ಗಂಡ’ ಮೊದಲಾದ ಬಿರುದುಗಳ ನಡುವೆ ‘ಸಮ್ಯಕ್ತ್ವಚೂಡಾಮಣಿ’ಯೆಂಬುದೊಂದು ಬರುತ್ತದೆ. ಸಮ್ಯಕ್ತ್ವವೆಂಬುದು ಜೈನಸಿದ್ಧಾಂತದ ಪರಿಭಾಷೆ. ಆದರೂ ಜೈನೇತರ ದೇವಾಲಯಗಳ ದತ್ತಿಶಾಸನಗಳಲ್ಲಿಯೂ ಆ ಬಿರುದು ಹಾಗೆಯೇ ಮುಂದುವರಿದು ಬಂದಿದೆ. ಅದನ್ನು ಕೆತ್ತಿದವನು ಅರಸನ ಮತವನ್ನು ಕುರಿತು ಏನನ್ನೂ ಹೇಳಲು ಉದ್ದೇಶಿಸಿದವನಲ್ಲ; ಮೂಲದಲ್ಲಿದ್ದುದನ್ನು ಉಳಿಸಿಕೊಂಡನು, ಅಷ್ಟೆ. ಅದೊಂದೇ ಪದವನ್ನು ಹಿಡಿದು ದಾನಕೊಟ್ಟ ಅರಸನ ಧರ್ಮವನ್ನು ನಿರ್ಣಯಿಸಹೊರಟ ಚರಿತ್ರಕಾರನು ತಪ್ಪುದಾರಿಯನ್ನು ಹಿಡಿದಂತೆಯೇ. ಸಿದ್ಧಪಾಠವು ಒಂದೆಡೆಯಿಂದ ಇನ್ನೊಂದೆಡೆಗೆ ಬರುವಾಗ ಮಾತುಗಳು ಬರುತ್ತವೆ. ಆ ಮಾತುಗಳು ಹುಟ್ಟಿದ ಸಂದರ್ಭವು ಅವುಗಳೊಡನೆ ಬರುವುದಿಲ್ಲ.

ಈ ಹಳೆಯ ಸಂಗತಿಯನ್ನು ಇಲ್ಲಿ ಎತ್ತಿಕೊಂಡುದಕ್ಕೆ ಕಾರಣವುಂಟು. ಇಂದು ನಮ್ಮ ಸಾಹಿತ್ಯದ ಬಹುಭಾಗವು ಗಣಕಯಂತ್ರದ ಮೂಲಕ ಬರೆಯಲ್ಪಡುತ್ತದೆ, ಮುದ್ರಿತವಾಗುತ್ತದೆ, ಹುಡುಕಲ್ಪಡುತ್ತದೆ. ಆ ಯಂತ್ರವನ್ನು ನಡೆಸುವ ತಂತ್ರಾಂಶವು ಕೂಡ ಸಿದ್ಧಪಾಠಗಳ ಪುನರುಪಯೋಗದಿಂದಲೇ ನಿರ್ಮಿತವಾದುದು. ಅದರ ಗುಣವೇನು, ಮೇರೆಯೆಲ್ಲಿ ಎಂಬುದನ್ನು ಕನ್ನಡ ಲಿಪಿಯ ನಿದರ್ಶನದಿಂದಲೇ, ಅದರಲ್ಲಿಯೂ ಹಾಸನ ಜಿಲ್ಲೆಯ ಅತಿ ಪ್ರಸಿದ್ಧವಾದ ಶಾಸನದಲ್ಲಿ ಬರುವ ಒಂದು ಅಕ್ಷರದ ನಿದರ್ಶನದಿಂದ, ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಗಣಕವು ಮಾಡಬೇಕಾದ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ವಿಧಿಸುವ ಬರಹಕ್ಕೆ ಕ್ರಮವಿಧಿಯೆಂದು ಹೆಸರು; ರೂಢಿಯಲ್ಲಿ ಇದನ್ನೇ ಕೋಡ್ ಎನ್ನುತ್ತಾರೆ. ಒಬ್ಬನು ಒಂದು ಕಾರ್ಯಕ್ಕಾಗಿ ಬರೆದ ಕ್ರಮವಿಧಿಯನ್ನು ಮತ್ತೊಬ್ಬನು ಮತ್ತೊಂದು ಕಾರ್ಯಕ್ಕೆ ತೆಗೆದುಕೊಳ್ಳುವುದೇ ಪುನರುಪಯೋಗ. ಈ ಆಲೋಚನೆಯು ಗಣಕದಷ್ಟೇ ಹಳೆಯದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ೧೯೪೯ರ ಮೇ ತಿಂಗಳಲ್ಲಿ ಕೆಲಸಕ್ಕೆ ತೊಡಗಿದ ಎಡ್ಸ್ಯಾಕ್ ಎಂಬ ಯಂತ್ರಕ್ಕಾಗಿ, ವರ್ಗಮೂಲ ಮೊದಲಾದ ಪದೇ ಪದೇ ಬೇಕಾಗುವ ಗಣಿತಗಳನ್ನು ಮಾಡುವ ಸಣ್ಣ ವಿಧಿಗಳನ್ನು ರಂಧ್ರಮಾಡಿದ ಕಾಗದದ ಪಟ್ಟಿಗಳ ಮೇಲೆ ಬರೆದು ಒಂದು ಭಂಡಾರವಾಗಿ ಕೂಡಿಸಿಟ್ಟರು. ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು ೧೯೫೧ರಲ್ಲಿ ಪ್ರಕಟಿಸಿದ ಗ್ರಂಥವು ಈ ಭಂಡಾರವನ್ನೇ ಆಧರಿಸಿದುದು. ಬಳಿಕ ೧೯೬೮ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಡಗ್ಲಸ್ ಮೆಕಿಲ್ರಾಯ್ ಎಂಬವರು, ಯಂತ್ರಗಳ ಬಿಡಿಭಾಗಗಳನ್ನು ಕಾರ್ಖಾನೆಯಿಂದ ತರಿಸುವಂತೆ ತಂತ್ರಾಂಶದ ಭಾಗಗಳನ್ನೂ ಅಳತೆ ಗೊತ್ತುಮಾಡಿ ಸಿದ್ಧಪಡಿಸಿಡಬೇಕೆಂದು ವಾದಿಸಿದರು.

ಇದರಿಂದ ಆಗುವ ಪ್ರಯೋಜನಗಳು ಮೂರು. ಮೊದಲನೆಯದು ಶ್ರಮದ ಉಳಿತಾಯ. ಎರಡನೆಯದು ವಿಶ್ವಾಸ: ಸಾವಿರ ಮಂದಿ ಬಳಸಿ ಅದರ ತಪ್ಪುಗಳನ್ನು ತೋರಿಸಿ ತಿದ್ದಿಸಿದ ವಿಧಿಯು ನಿನ್ನೆ ಬರೆದ ಹೊಸ ವಿಧಿಗಿಂತ ನೆಚ್ಚಿಗೆಗೆ ಹೆಚ್ಚು ಯೋಗ್ಯ. ಮೂರನೆಯದು ಏಕರೂಪತೆ: ಒಂದೇ ವಿಧಿಯನ್ನು ಎಲ್ಲರೂ ಬಳಸಿದಾಗ ಒಬ್ಬನ ಬರಹವು ಇನ್ನೊಬ್ಬನಿಗೆ ಅರ್ಥವಾಗುತ್ತದೆ. ಕನ್ನಡದಂಥ ಭಾಷೆಗೆ ಈ ಮೂರನ್ನೂ ಮೀರಿದ ನಾಲ್ಕನೆಯ ಲಾಭವೊಂದುಂಟು. ಯಂತ್ರನಿರ್ಮಾಪಕರು ಕನ್ನಡವೊಂದಕ್ಕಾಗಿಯೇ ಎಲ್ಲವನ್ನೂ ಹೊಸದಾಗಿ ರಚಿಸುವಷ್ಟು ಆಸಕ್ತಿಯನ್ನು ತಾಳುವುದು ಅಪೂರ್ವ. ಅನೇಕ ಭಾಷೆಗಳಿಗೆ ಒಟ್ಟಿಗೆ ಮಾಡಿದ ಕೆಲಸದಲ್ಲಿ ಕನ್ನಡಕ್ಕೂ ಪಾಲು ದೊರೆತರೆ ಅದು ದೊಡ್ಡ ಉಪಕಾರ. ಮುಂದೆ ಹೇಳುವ ದೋಷಗಳನ್ನು ಓದುವಾಗ ವಾಚಕರು ಈ ಉಪಕಾರವನ್ನು ಮರೆಯಬಾರದೆಂದು ಪ್ರಾರ್ಥನೆ.

೩

ಗಣಕಕ್ಕೆ ಅಕ್ಷರದ ಆಕಾರವು ತಿಳಿಯದು, ಸಂಖ್ಯೆಯೊಂದೇ ತಿಳಿಯುವುದು. ಆದಕಾರಣ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಈ ಸಂಖ್ಯೆಯನ್ನು ಇಲ್ಲಿ ಸಂಕೇತವೆಂದು ಕರೆಯೋಣ. ಇಂಗ್ಲಿಷಿಗೆ ಇಂಥ ಸಂಕೇತಗಳು ಮೊದಲೇ ಏರ್ಪಟ್ಟಿದ್ದವು, ಕನ್ನಡಕ್ಕೆ ಇರಲಿಲ್ಲ. ಹೀಗಿರಲು, ೧೯೯೦ರ ದಶಕದ ಕನ್ನಡ ತಂತ್ರಾಂಶಗಳು ಸುಲಭವಾದೊಂದು ಉಪಾಯವನ್ನು ಹೂಡಿದವು. ರೋಮನ್ ಅಕ್ಷರಗಳಿಗೆ ಗೊತ್ತಾಗಿದ್ದ ಸಂಖ್ಯೆಗಳನ್ನೇ ಇಟ್ಟುಕೊಂಡು, ಆಯಾ ಸಂಖ್ಯೆಯ ಎದುರಿಗೆ ರೋಮನ್ ಆಕಾರದ ಬದಲು ಕನ್ನಡ ಅಕ್ಷರದ ತುಣುಕುಗಳನ್ನು, ಎಂದರೆ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳನ್ನು, ಅಚ್ಚಿನಲ್ಲಿ ಕೂರಿಸಿದರು. ಪತ್ರಿಕೆಗಳೂ ಪಠ್ಯಪುಸ್ತಕಗಳೂ ಕಚೇರಿಯ ಕಾಗದಪತ್ರಗಳೂ ಈ ಉಪಾಯದಿಂದ ಬೇಗನೆ ಕನ್ನಡದಲ್ಲಿ ಹೊರಬಂದವು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಆ ಅಚ್ಚಿಲ್ಲದ ಯಂತ್ರದಲ್ಲಿ ಅದೇ ಬರಹವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯು ಕಾಣುತ್ತಿತ್ತು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷು. ಹುಡುಕುವುದಕ್ಕೂ ಅಕಾರಾದಿಯಾಗಿ ಜೋಡಿಸುವುದಕ್ಕೂ ಅದು ಒದಗುತ್ತಿರಲಿಲ್ಲ. ಅಂದು ಸಿದ್ಧವಾದ ಎಷ್ಟೋ ಪುಸ್ತಕಗಳ ಪಾಠವನ್ನು ಬಳಿಕ ಪರಿವರ್ತಿಸಿ ತಿದ್ದಬೇಕಾಗಿ ಬಂದುದನ್ನು ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಸ್ವಾನುಭವದಿಂದಲೇ ಬಲ್ಲರು.

ಈ ತೊಡಕಿಗೆ ಪರಿಹಾರವಾಗಿ ಬಂದುದು ಇನ್ನೊಂದು ಬಗೆಯ ಪುನರುಪಯೋಗ. ಅದು ಹೆಚ್ಚು ವಿಚಾರಪೂರ್ವಕವಾದುದು. ಭಾರತದ ಲಿಪಿಗಳಲ್ಲಿ ಬಹುಭಾಗವು ಬ್ರಾಹ್ಮಿಯ ಸಂತತಿ. ಅವುಗಳ ವರ್ಣಮಾಲೆಯ ಚೌಕಟ್ಟು ಒಂದೇ. ಈ ತತ್ತ್ವವನ್ನು ಹಿಡಿದು ಎಲ್ಲ ಲಿಪಿಗಳಿಗೂ ಸಾಮಾನ್ಯವಾದ ಒಂದೇ ಸಂಕೇತಮಾಲೆಯನ್ನು ರಚಿಸಿದರು. ಇದೇ ‘ಇಸ್ಕಿ’. ಇದರ ೧೯೮೮ರ ರೂಪವು ಮುಂದೆ ಪರಿಷ್ಕೃತವಾಗಿ ೧೯೯೧ರಲ್ಲಿ ಭಾರತೀಯ ಮಾನಕವಾಯಿತು. ಅದೇ ೧೯೯೧ರಲ್ಲಿ ಮೊದಲ ಆವೃತ್ತಿಯನ್ನು ಕಂಡ ಯೂನಿಕೋಡ್ ಎಂಬ ಸರ್ವಲಿಪಿಸಂಕೇತವು ಇಸ್ಕಿಯ ೧೯೮೮ರ ರೂಪವನ್ನೇ ತಳಹದಿಯಾಗಿ ಇಟ್ಟುಕೊಂಡು, ಒಂದೊಂದು ಭಾರತೀಯ ಲಿಪಿಗೂ ೧೨೮ ಮನೆಗಳ ಒಂದೊಂದು ಪಂಕ್ತಿಯನ್ನು ಕೊಟ್ಟಿತು. ದೇವನಾಗರಿಯ ಪಂಕ್ತಿಯು ೨೩೦೪ರಿಂದಲೂ ತೆಲುಗಿನದು ೩೦೭೨ರಿಂದಲೂ ಕನ್ನಡದ್ದು ೩೨೦೦ರಿಂದಲೂ ತೊಡಗುತ್ತವೆ. ಒಳಗಿನ ಕ್ರಮವು ಎಲ್ಲೆಲ್ಲಿಯೂ ಸಮಾನ. ಪಂಕ್ತಿಯ ಮೊದಲ ಸಂಖ್ಯೆಗೆ ೨೧ನ್ನು ಕೂಡಿಸಿದರೆ ಕಕಾರ: ದೇವನಾಗರಿಯ ಕಕಾರ ೨೩೨೫, ತೆಲುಗಿನದು ೩೦೯೩, ಕನ್ನಡದ್ದು ೩೨೨೧.

ಇದರ ಸೌಲಭ್ಯವನ್ನು ನೋಡಬೇಕು. ದೇವನಾಗರಿಯಲ್ಲಿರುವ ಸಂಸ್ಕೃತ ಶ್ಲೋಕವೊಂದನ್ನು ಕನ್ನಡ ಲಿಪಿಗೆ ತರಬೇಕಾದರೆ ಪ್ರತಿಯೊಂದು ಸಂಖ್ಯೆಗೂ ೮೯೬ನ್ನು ಕೂಡಿಸಿದರಾಯಿತು. ಲಿಪಿಕಾರನೊಬ್ಬನು ದಿನಗಟ್ಟಲೆ ಕುಳಿತು ಮಾಡುತ್ತಿದ್ದ ಕೆಲಸವು ಒಂದು ಸಂಕಲನದಿಂದ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಪುನರುಪಯೋಗದ ಗುಣವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನವು ದೊರೆಯುವುದು ಕಷ್ಟ.

ಆದರೆ ಒಂದೇ ಚೌಕಟ್ಟು ಎಲ್ಲರಿಗೂ ಸರಿಹೊಂದಬೇಕಾದರೆ ಎಲ್ಲರೂ ಒಂದೇ ಆಗಿರಬೇಕು. ತಮಿಳಿನಲ್ಲಿ ಮಹಾಪ್ರಾಣಗಳಿಗೂ ಗಕಾರಕ್ಕೂ ಬೇರೆ ಅಕ್ಷರಗಳಿಲ್ಲ. ಆದುದರಿಂದ ಅದರ ಪಂಕ್ತಿಯಲ್ಲಿ ೨೧ನೆಯ ಮನೆಯ ಕಕಾರದಿಂದ ೨೫ನೆಯ ಮನೆಯ ಙಕಾರದವರೆಗೆ ನಡುವಣ ಮನೆಗಳು ಬರಿದಾಗಿವೆ. ಕನ್ನಡದ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬರುತ್ತದೆ. ನಮ್ಮ ನಿಘಂಟುಗಳ ಕ್ರಮವೂ ಅದೇ. ಸಾಮಾನ್ಯ ಚೌಕಟ್ಟಿನಲ್ಲಿಯಾದರೋ ಲಕಾರವು ೫೦ನೆಯದು, ಳಕಾರವು ೫೧ನೆಯದು, ವಕಾರವು ೫೩ನೆಯದು, ಹಕಾರವು ೫೭ನೆಯದು. ಸಂಖ್ಯಾಕ್ರಮವನ್ನೇ ನೆಚ್ಚಿ ಅಕಾರಾದಿಯನ್ನು ಮಾಡಿಸಿದರೆ ‘ಅಳಲು’ ಎಂಬುದು ‘ಅವನು’ ಎಂಬುದಕ್ಕಿಂತ ಮುಂಚೆಯೇ ಬಂದು ನಿಲ್ಲುತ್ತದೆ. ಇದನ್ನು ಸರಿಪಡಿಸಲು ಅನುಕ್ರಮಕ್ಕಾಗಿ ಬೇರೆಯೇ ವಿಧಿಯೊಂದನ್ನು ಏರ್ಪಡಿಸಬೇಕು. ಹಾಗೆ ಏರ್ಪಡಿಸಬೇಕೆಂಬುದನ್ನು ಅರಿಯದವನು ಮಾಡಿದ ಪದಸೂಚಿಯು ಕನ್ನಡದ ಕ್ರಮದಲ್ಲಿರುವುದಿಲ್ಲ.

೪

ಈಗ ಹಲ್ಮಿಡಿಯ ಕಡೆಗೆ ತಿರುಗೋಣ. ಬೇಲೂರು ತಾಲ್ಲೂಕಿನ ಈ ಗ್ರಾಮದ ಶಾಸನವನ್ನು ೧೯೩೬ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದರು. ಅದು ಕ್ರಿ. ಶ. ೪೫೦ರ ಸುಮಾರಿನದೆಂದು ಬಹುಜನ ವಿದ್ವಾಂಸರ ಮತ. ಅದರಲ್ಲಿ ವೀರನೊಬ್ಬನಿಗೆ ಎರಡು ಗ್ರಾಮಗಳನ್ನು ‘ಬಾಳ್ಗೞ್ಚು’ವಾಗಿ ಕೊಟ್ಟ ಸಂಗತಿಯು ಉಕ್ತವಾಗಿದೆ. ಕತ್ತಿಯನ್ನು ತೊಳೆಯುವುದು ಎಂಬುದು ಆ ಪದದ ಅರ್ಥ. ಯುದ್ಧದಲ್ಲಿ ಮೆರೆದ ಪರಾಕ್ರಮಕ್ಕೆ ಸಲ್ಲಿಸಿದ ಗೌರವವೆಂದು ತಾತ್ಪರ್ಯ. ಈ ಒಂದೇ ಪದದಲ್ಲಿ ಳಕಾರವೂ ೞಕಾರವೂ ಜೊತೆಯಾಗಿವೆಯೆಂಬುದನ್ನು ಗಮನಿಸಬೇಕು. ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಜೀವಿಸು. ‘ಆಳ್’ ಎಂದರೆ ಪ್ರಭುತ್ವಮಾಡು, ‘ಆೞ್’ ಎಂದರೆ ಮುಳುಗು. ಅಕ್ಷರವೊಂದು ಬದಲಾದರೆ ಅರ್ಥವೇ ಬದಲಾಗುತ್ತದೆ. ಮಾತಿನಲ್ಲಿ ೞಕಾರವು ಕ್ರಮೇಣ ಸಡಿಲಿ ಬಹುಸ್ಥಳಗಳಲ್ಲಿ ಳಕಾರದೊಡನೆ ಬೆರೆತುಹೋಯಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಯಾವ ಶಬ್ದಗಳಲ್ಲಿ ೞಕಾರವು ಬರುತ್ತದೆಂಬುದನ್ನು ಪಟ್ಟಿಮಾಡಿ ಹೇಳಬೇಕಾಗಿ ಬಂದುದೇ ಈ ಬೆರಕೆಗೆ ಸಾಕ್ಷಿ. ಕಿವಿಗೆ ಭೇದವು ತಿಳಿಯುತ್ತಿದ್ದರೆ ಪಟ್ಟಿಯು ಬೇಕಾಗುತ್ತಿರಲಿಲ್ಲ.

ಇಂಥ ಅಕ್ಷರಕ್ಕೆ ಗಣಕದ ಸಂಕೇತದಲ್ಲಿ ಯಾವ ಮನೆಯು ದೊರೆಯಿತು? ತಮಿಳು ಮಲಯಾಳಗಳಲ್ಲಿ ಇದೇ ಧ್ವನಿಯ ಅಕ್ಷರವು ಪಂಕ್ತಿಯ ೫೨ನೆಯ ಮನೆಯಲ್ಲಿದೆ. ದೇವನಾಗರಿಯಲ್ಲಿ ಆ ಧ್ವನಿಯನ್ನು ಬರೆಯಲು ಕಲ್ಪಿಸಿದ ಅಕ್ಷರವೂ ಅಲ್ಲಿಯೇ ಇದೆ. ತೆಲುಗಿನ ಹಳೆಯ ೞಕಾರವು ೨೦೧೪ರಲ್ಲಿ ಸೇರಿಸಲ್ಪಟ್ಟಾಗ ಅದೇ ಮನೆಗೆ ಬಂದಿತು. ಕನ್ನಡದ ಪಂಕ್ತಿಯಲ್ಲಿಯಾದರೋ ೫೨ನೆಯ ಮನೆಯು ಬರಿದಾಗಿದೆ. ನಮ್ಮ ೞಕಾರವು ದೂರದ ೯೪ನೆಯ ಮನೆಯಲ್ಲಿ, ಎಂದರೆ ೩೨೯೪ ಎಂಬ ಸಂಖ್ಯೆಯಲ್ಲಿ, ಕುಳಿತಿದೆ. ದೇವನಾಗರಿಯ ೯೪ನೆಯ ಮನೆಯಲ್ಲಿರುವುದು ಪಾರಸಿ ಅರಬ್ಬಿ ಶಬ್ದಗಳಿಗಾಗಿ ಫಕಾರಕ್ಕೆ ಚುಕ್ಕೆಯಿಟ್ಟು ಮಾಡಿದ ‘ಫ಼’ ಎಂಬ ಅಕ್ಷರ. ಯೂನಿಕೋಡಿನ ಪಟ್ಟಿಯಲ್ಲಿ ಕನ್ನಡದ ೞಕಾರಕ್ಕೆ ಕೊಟ್ಟಿರುವ ಇಂಗ್ಲಿಷ್ ಹೆಸರೂ ‘ಕನ್ನಡ ಲೆಟರ್ ಫ಼’ ಎಂದೇ! ಸಾಮಾನ್ಯ ಚೌಕಟ್ಟಿನಲ್ಲಿ ಆ ಮನೆಗೆ ಮೊದಲೇ ಅಂಟಿದ್ದ ಹೆಸರು ಅಲ್ಲಿಗೆ ಬಂದ ಕನ್ನಡದ ಅಕ್ಷರಕ್ಕೂ ಅಂಟಿಕೊಂಡಿತೆಂದು ಊಹಿಸುವುದು ಅಸಂಗತವಾಗಲಾರದು. ಹಲ್ಮಿಡಿಯ ಕಾಲದಿಂದ ನಡೆದುಬಂದ ದ್ರಾವಿಡವರ್ಣವೊಂದು ಹೀಗೆ ಪರದೇಶದ ವರ್ಣವೊಂದರ ಹೆಸರನ್ನು ಹೊತ್ತಿತು.

ತಪ್ಪು ತಿಳಿದೊಡನೆ ತಿದ್ದಬಾರದೇಕೆ ಎಂದು ವಾಚಕರು ಕೇಳಬಹುದು. ಪುನರುಪಯೋಗದ ಮುಖ್ಯವಾದ ಮೇರೆಯು ಇಲ್ಲಿಯೇ ಕಾಣುವುದು. ಯೂನಿಕೋಡಿನ ಎರಡನೆಯ ಆವೃತ್ತಿಯಿಂದ (೧೯೯೬) ಮುಂದಕ್ಕೆ ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವಿದೆ. ಅದು ಮೊಂಡುತನದ ನಿಯಮವಲ್ಲ. ಆ ಹೆಸರುಗಳನ್ನು ನಂಬಿ ಪ್ರಪಂಚದಲ್ಲಿ ಎಣಿಕೆಗೆ ಸಿಗದಷ್ಟು ಕ್ರಮವಿಧಿಗಳು ಬರೆಯಲ್ಪಟ್ಟಿವೆ. ಹೆಸರು ಬದಲಾದರೆ ಅವುಗಳು ಮುರಿಯುತ್ತವೆ. ಸಂಖ್ಯೆಯನ್ನಂತೂ ಮುಟ್ಟುವಹಾಗೆಯೇ ಇಲ್ಲ. ಆದಕಾರಣ ಹಳೆಯ ಹೆಸರನ್ನು ಹಾಗೆಯೇ ಉಳಿಸಿ, ಅದು ತಪ್ಪೆಂದು ಟಿಪ್ಪಣಿಯನ್ನು ಬರೆದು, ೞಕಾರವನ್ನು ಸೂಚಿಸುವ ಸರಿಯಾದ ಹೆಸರೊಂದನ್ನು ತಿದ್ದುಪಡಿಯ ಉಪನಾಮವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ. ಒಬ್ಬನೇ ಬಳಸುವ ವಸ್ತುವಿನ ತಪ್ಪನ್ನು ಅವನು ಇಂದೇ ತಿದ್ದಬಲ್ಲನು. ಎಲ್ಲರೂ ಬಳಸುವ ವಸ್ತುವಿನ ತಪ್ಪು ಅಚಲವಾಗುತ್ತದೆ. ಬಳಕೆಯು ವಿಸ್ತಾರವಾದಷ್ಟೂ ಪಾಠವು ದೃಢವಾಗುತ್ತದೆ. ಪಾಠದೊಡನೆ ಅಪಪಾಠವೂ ದೃಢವಾಗುತ್ತದೆ.

ಹೆಸರು ಯಂತ್ರದೊಳಗಿನದು, ಅದರಿಂದ ಓದುಗನಿಗೇನು ನಷ್ಟವೆಂದು ಉಪೇಕ್ಷಿಸುವಂತೆಯೂ ಇಲ್ಲ. ಮೇಲೆ ಹೊಗಳಿದ ೮೯೬ರ ಸಂಕಲನವನ್ನೇ ತೆಗೆದುಕೊಳ್ಳೋಣ. ‘ಬಾಳ್ಗೞ್ಚು’ ಎಂಬುದನ್ನು ದೇವನಾಗರಿಗೆ ತರಲು ಪ್ರತಿಯೊಂದು ಸಂಖ್ಯೆಯಿಂದಲೂ ೮೯೬ನ್ನು ಕಳೆದರೆ ೩೨೯೪ ಹೋಗಿ ೨೩೯೮ ಬರುತ್ತದೆ. ದೇವನಾಗರಿಯಲ್ಲಿ ಅದನ್ನು ಓದಿದವನು ‘ಬಾಳ್ಗಫ಼್ಚು’ ಎನ್ನಬೇಕಾಗುತ್ತದೆ. ಸಂಕಲನದ ವಿಧಿಯಲ್ಲಿ ತಪ್ಪಿಲ್ಲ. ಕನ್ನಡದ ಪಂಕ್ತಿಯಲ್ಲಿಯೂ ಅಕ್ಷರವು ಇದ್ದೇ ಇದೆ. ಎರಡೂ ಸರಿಯಾಗಿದ್ದು, ಎರಡನ್ನೂ ಕೂಡಿಸಿದಲ್ಲಿ ಮಾತ್ರ ತಪ್ಪು ಹುಟ್ಟುತ್ತದೆ. ಪುನರುಪಯೋಗದಿಂದ ಹುಟ್ಟುವ ದೋಷಗಳ ಸ್ವಭಾವವೇ ಇಂಥದು.

೫

ಇಂಥ ದೋಷಗಳ ಫಲವು ಎಷ್ಟು ದಾರುಣವಾಗಬಲ್ಲುದೆಂಬುದಕ್ಕೆ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಹಾಸನದವರಿಗೆ ಅದು ತೀರ ದೂರದ ಸಂಗತಿಯೂ ಅಲ್ಲ. ಭಾರತದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಮುಖ್ಯಕೇಂದ್ರವು ೧೯೮೨ರಿಂದ ಹಾಸನದಲ್ಲಿದೆ. ಅಲ್ಲಿಂದ ನಿಯಂತ್ರಿತವಾದ ಇನ್ಸಾಟ್ ಉಪಗ್ರಹಗಳಲ್ಲಿ ಹಲವನ್ನು ಮೇಲಕ್ಕೆ ಒಯ್ದುದು ಯೂರೋಪಿನ ಏರಿಯಾನ್ ರಾಕೆಟ್ಟು. ಇನ್ಸಾಟ್ ೨ಎ ಎಂಬುದು ೧೯೯೨ರಲ್ಲಿ ಏರಿಯಾನ್ ೪ರ ಮೇಲೆಯೂ, ಇನ್ಸಾಟ್ ೩ಬಿ ಎಂಬುದು ೨೦೦೦ದಲ್ಲಿ ಏರಿಯಾನ್ ೫ರ ಮೇಲೆಯೂ ಹೋದವು. ಈ ಎರಡು ವರ್ಷಗಳ ನಡುವೆ, ೧೯೯೬ರ ಜೂನ್ ೪ರಂದು, ಏರಿಯಾನ್ ೫ರ ಮೊದಲ ಪ್ರಯಾಣವು ಸುಮಾರು ೪೦ ಸೆಕೆಂಡುಗಳಲ್ಲಿ ನುಚ್ಚುನೂರಾಗಿ ಮುಗಿಯಿತು. ಅದರೊಡನೆ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ನಾಶವಾದವು.

ವಿಚಾರಣಾಮಂಡಲಿಯು ಕಂಡ ಕಾರಣವಿದು. ರಾಕೆಟ್ಟಿನ ದಿಕ್ಕನ್ನು ಅಳೆಯುವ ಉಪಕರಣದ ಕ್ರಮವಿಧಿಯನ್ನು ಏರಿಯಾನ್ ೪ರಿಂದ ಹಾಗೆಯೇ ತೆಗೆದುಕೊಂಡಿದ್ದರು. ಅದು ಅಲ್ಲಿ ಪರೀಕ್ಷಿತವಾಗಿ ನಿರ್ದುಷ್ಟವೆನಿಸಿತ್ತು. ಅದರಲ್ಲಿ ೬೪ ಬಿಟ್‌ಗಳ ಅಳತೆಯೊಂದನ್ನು ೧೬ ಬಿಟ್‌ಗಳ ಪೂರ್ಣಾಂಕವಾಗಿ ಮಾರ್ಪಡಿಸುವ ಹೆಜ್ಜೆಯೊಂದಿದ್ದಿತು. ಅಂಥ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯು ೩೨,೭೬೭. ಏರಿಯಾನ್ ೪ರ ಸಮತಲವೇಗದಲ್ಲಿ ಆ ಮಿತಿಯನ್ನು ದಾಟುವ ಸಂಭವವಿರಲಿಲ್ಲ. ಏರಿಯಾನ್ ೫ರ ಪಥವು ಬೇರೆ, ವೇಗವು ಹೆಚ್ಚು. ಸಂಖ್ಯೆಯು ಮಿತಿಯನ್ನು ಮೀರಿತು, ಉಪಕರಣವು ನಿಂತಿತು. ಅದಕ್ಕೂ ಮಿಗಿಲಾಗಿ, ವಿಫಲವಾದ ಆ ಗಣನೆಯು ಏರಿಯಾನ್ ೫ರಲ್ಲಿ ನೆಲವನ್ನು ಬಿಟ್ಟ ಬಳಿಕ ಬೇಕಾಗಿಯೇ ಇರಲಿಲ್ಲ. ಹಳೆಯ ರಾಕೆಟ್ಟಿನ ಅನುಕೂಲಕ್ಕಾಗಿ ಇಟ್ಟಿದ್ದುದು ಹೊಸದರಲ್ಲಿಯೂ ಉಳಿದಿತ್ತು. ವೈಷ್ಣವ ದೇವಾಲಯದ ದತ್ತಿಶಾಸನದಲ್ಲಿ ಉಳಿದ ‘ಸಮ್ಯಕ್ತ್ವಚೂಡಾಮಣಿ’ಯೂ ಈ ಜಾತಿಯದೇ, ಶಾಸನದಲ್ಲಿ ಅದು ಚರಿತ್ರಕಾರನನ್ನು ಮಾತ್ರ ದಾರಿತಪ್ಪಿಸೀತು, ಇಲ್ಲಿ ರಾಕೆಟ್ಟನ್ನೇ ಬಲಿಕೊಂಡಿತು.

ಗ್ರಂಥಸಂಪಾದಕರು ವಿಶೇಷವಾಗಿ ಗಮನಿಸತಕ್ಕ ಅಂಶವೊಂದು ಈ ವೃತ್ತಾಂತದಲ್ಲಿದೆ. ಒಂದು ಉಪಕರಣವು ಕೆಟ್ಟರೆ ಇರಲೆಂದು ಎರಡನೆಯದೊಂದನ್ನು ಇಟ್ಟಿದ್ದರು. ಆದರೆ ಎರಡರಲ್ಲಿಯೂ ನಡೆಯುತ್ತಿದ್ದುದು ಒಂದೇ ಕ್ರಮವಿಧಿ. ಎರಡೂ ಒಂದೇ ಕಾರಣದಿಂದ ಕ್ಷಣಾರ್ಧದಲ್ಲಿ ನಿಂತವು. ಒಂದೇ ಮೂಲಪ್ರತಿಯಿಂದ ಇಳಿಸಿದ ಹತ್ತು ಓಲೆಗರಿಗಳ ಸಾಕ್ಷ್ಯವು ಹತ್ತು ಸಾಕ್ಷ್ಯಗಳಲ್ಲ, ಒಂದೇ ಎಂಬ ಗ್ರಂಥಸಂಪಾದನೆಯ ಸೂತ್ರವು ತಂತ್ರಾಂಶಕ್ಕೂ ಅಕ್ಷರಶಃ ಅನ್ವಯಿಸುತ್ತದೆ.

೬

ಹಾಗಾದರೆ ಪ್ರತಿಯೊಂದನ್ನೂ ಪ್ರತಿಯೊಬ್ಬನೂ ಹೊಸದಾಗಿಯೇ ಬರೆದುಕೊಳ್ಳಬೇಕೇ? ಆ ನಿರ್ಣಯವು ಯುಕ್ತವಾಗಲಾರದು. ಹೊಸದಾಗಿ ಬರೆದುದರಲ್ಲಿ ತಪ್ಪುಗಳು ಕಡಮೆಯಲ್ಲ, ಹೆಚ್ಚು; ಅವುಗಳನ್ನು ಕಂಡುಹಿಡಿಯುವ ಕಣ್ಣುಗಳು ಮಾತ್ರ ಕಡಮೆ. ಪುನರುಪಯೋಗವನ್ನು ವಿವೇಕದಿಂದ ಮಾಡುವ ಬಗೆಯೊಂದುಂಟು. ಅದಕ್ಕೂ ಕನ್ನಡದಲ್ಲಿಯೇ ನಿದರ್ಶನವಿದೆ.

ಸಂಖ್ಯೆಗಳನ್ನು ಕಣ್ಣಿಗೆ ಕಾಣುವ ಅಕ್ಷರಗಳಾಗಿ ಜೋಡಿಸುವ ಕ್ರಮವಿಧಿಯೊಂದಕ್ಕೆ ಹಾರ್ಫ್‌ಬಝ್ ಎಂದು ಹೆಸರು. ಅಕ್ಷರವನ್ನು ಸೂಚಿಸುವ ‘ಹರ್ಫ್’ ಎಂಬ ಶಬ್ದದಿಂದ ಅದನ್ನು ಕಟ್ಟಿದ್ದಾರೆ. ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಮೊದಲಾದ ತಂತ್ರಾಂಶಗಳಲ್ಲಿಯೂ ಇದು ಕೆಲಸಮಾಡುತ್ತದೆ. ದೇವನಾಗರಿ, ಬಂಗಾಳಿ, ಗುರುಮುಖಿ, ಗುಜರಾತಿ, ಒಡಿಯಾ, ತಮಿಳು, ತೆಲುಗು, ಕನ್ನಡ, ಮಲಯಾಳ ಎಂಬ ಒಂಬತ್ತು ಲಿಪಿಗಳಿಗೂ ಅದರಲ್ಲಿ ಒಂದೇ ವಿಧಿ. ಆದರೆ ಆ ವಿಧಿಯ ಮೊದಲಿಗೆ ಸಣ್ಣದೊಂದು ಪಟ್ಟಿಯನ್ನು ಇಟ್ಟು, ಯಾವ ಯಾವ ವಿಷಯದಲ್ಲಿ ಯಾವ ಯಾವ ಲಿಪಿಯು ಉಳಿದವುಗಳಿಗಿಂತ ಭಿನ್ನವೆಂಬುದನ್ನು ನಮೂದಿಸಿದ್ದಾರೆ.

ರಕಾರದ ವಿಷಯವನ್ನೇ ನೋಡೋಣ. ‘ಸೂರ್ಯ’ ಎಂಬಲ್ಲಿ ರಕಾರವು ಯಕಾರಕ್ಕಿಂತ ಮೊದಲು ಉಚ್ಚರಿತವಾದರೂ ಕನ್ನಡದಲ್ಲಿ ಅದನ್ನು ಅರ್ಕಾವೊತ್ತಾಗಿ ಯಕಾರದ ಬಲಗಡೆಗೆ ಬರೆಯುತ್ತೇವೆ. ದೇವನಾಗರಿಯಲ್ಲಿ ಅದು ಅಕ್ಷರದ ತಲೆಯ ಮೇಲೆ ಏರುತ್ತದೆ. ನಮಗೆ ಅತಿ ಸಮೀಪದ ಲಿಪಿಯಾದ ಇಂದಿನ ತೆಲುಗಿನಲ್ಲಿಯಾದರೋ ರಕಾರವನ್ನು ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿ ಕೊಡುವುದೇ ವಾಡಿಕೆ. ಆಕಾರದಲ್ಲಿ ಅವಳಿಗಳಂತಿರುವ ಕನ್ನಡ ತೆಲುಗುಗಳು ಈ ಒಂದು ವಿಷಯದಲ್ಲಿ ಬೇರೆಬೇರೆ. ಹೋಲಿಕೆಯನ್ನೇ ನಂಬಿ ಒಂದರ ವಿಧಿಯನ್ನು ಇನ್ನೊಂದಕ್ಕೆ ಹೊಂದಿಸಿದ್ದರೆ ಎರಡರಲ್ಲೊಂದರ ಬರಹವು ಕೆಡುತ್ತಿತ್ತು. ಪಟ್ಟಿಯು ಈ ಭೇದವನ್ನು ಹೇಳುವುದರಿಂದ ಎರಡೂ ಉಳಿದವು. ಇನ್ನು, ಕನ್ನಡದಲ್ಲಿಯೇ ‘ರ‍್ಯಾಂಕ್’ ಮೊದಲಾದ ಪದಗಳಲ್ಲಿ ಅರ್ಕಾವೊತ್ತು ಬೇಡ, ರಕಾರಕ್ಕೆ ಯಕಾರದ ಒತ್ತೇ ಬೇಕು. ಅದಕ್ಕಾಗಿ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಯೊಂದನ್ನು ರಕಾರದ ಮುಂದೆ ಇಡಬೇಕೆಂದು ಯೂನಿಕೋಡಿನ ವಿಧಿ. ಕನ್ನಡಿಗರಲ್ಲಿ ಕೆಲವರು ಹಿಂದಿನಿಂದ ಅದನ್ನು ಬೇರೊಂದು ಕ್ರಮದಲ್ಲಿ ಇಡುತ್ತಿದ್ದುದರಿಂದ, ಆ ಹಳೆಯ ರೂಢಿಯ ಬರಹಗಳೂ ಕೆಡಬಾರದೆಂದು ಕನ್ನಡಕ್ಕಾಗಿಯೇ ವಿಶೇಷವಿಧಿಯೊಂದನ್ನು ಹಾರ್ಫ್‌ಬಝ್‌ನಲ್ಲಿ ಬರೆದು, ಅದರ ಕಾರಣವನ್ನೂ ಟಿಪ್ಪಣಿಯಲ್ಲಿ ಹೇಳಿದ್ದಾರೆ.

ಎರಡು ನಿದರ್ಶನಗಳ ನಡುವಣ ಅಂತರವು ಈಗ ಸ್ಪಷ್ಟವಾಗುತ್ತದೆ. ೞಕಾರದಲ್ಲಿ ಸಾಮ್ಯವನ್ನು ಸ್ವೀಕರಿಸಿದರು, ಭೇದವನ್ನು ಬರೆಯಲಿಲ್ಲ. ರಕಾರದಲ್ಲಿ ಸಾಮ್ಯವನ್ನು ಸ್ವೀಕರಿಸಿ ಭೇದವನ್ನೂ ಅದರ ಕಾರಣವನ್ನೂ ಬರೆದರು. ಮೊದಲನೆಯದರಲ್ಲಿ ದೋಷವು ಅಚಲವಾಯಿತು. ಎರಡನೆಯದರಲ್ಲಿ ಒಂಬತ್ತು ಲಿಪಿಗಳೂ ಒಂದೇ ಚಪ್ಪರದ ಕೆಳಗೆ ತಮ್ಮ ತಮ್ಮ ಸ್ವರೂಪವನ್ನು ಉಳಿಸಿಕೊಂಡವು. ಎಂದಮೇಲೆ ಪುನರುಪಯೋಗದ ಮೇರೆಯೆಂಬುದು ವಸ್ತುವಿನಲ್ಲಿ ಇರುವುದಲ್ಲ. ಆ ವಸ್ತುವು ಯಾವ ಸಂದರ್ಭಕ್ಕೆ ಹುಟ್ಟಿತೆಂಬುದನ್ನು ಕುರಿತ ನಮ್ಮ ತಿಳಿವಳಿಕೆಯಲ್ಲಿ ಇರುವುದು.

೭

ಇದರಿಂದ ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಗಬೇಕಾದುದೇನು? ಶಾಸನಗಳನ್ನೂ ಪ್ರಾಚೀನ ಕಾವ್ಯಗಳನ್ನೂ ಗಣಕಕ್ಕೆ ಏರಿಸುವ ಕಾರ್ಯವು ನಡೆಯುತ್ತಿದೆ. ಮುಂದಿನ ತಲೆಮಾರಿನ ಸಂಶೋಧಕನು ಹಳಗನ್ನಡದ ಪದವೊಂದನ್ನು ಹುಡುಕುವುದು ಗ್ರಂಥಾಲಯದ ಕಪಾಟಿನಲ್ಲಲ್ಲ, ಈ ಪಾಠಗಳಲ್ಲಿ. ಪ್ರತಿಮಾಡುವವನು ೞಕಾರವು ಕೀಲಿಮಣೆಯಲ್ಲಿ ಬೇಗನೆ ಸಿಗಲಿಲ್ಲವೆಂದು ಳಕಾರವನ್ನು ಒತ್ತಿದರೆ, ಬದುಕು ಕತ್ತಿಯಾಗುತ್ತದೆ, ಮುಳುಗಿದವನು ಆಳುವವನಾಗುತ್ತಾನೆ. ಆ ಪಾಠವನ್ನೇ ನೂರಾರು ಕಡೆ ಪ್ರತಿಮಾಡಿಕೊಂಡ ಬಳಿಕ ತಿದ್ದುವುದು ಎಷ್ಟು ಕಷ್ಟವೆಂಬುದನ್ನು ಮೇಲೆ ಕಂಡಿದ್ದೇವೆ. ಕೇಶಿರಾಜನು ಪಟ್ಟಿಮಾಡಿ ಉಳಿಸಿದ ಭೇದವು ನಮ್ಮ ಅಜಾಗ್ರತೆಯಿಂದ ಅಳಿಯಕೂಡದು.

ಆದಕಾರಣ ಮೂರು ವಿಷಯಗಳನ್ನು ಸೂಚಿಸಬಯಸುತ್ತೇವೆ. ಯಾವ ಪಾಠವನ್ನೇ ಆಗಲಿ ಎತ್ತಿಕೊಂಡಾಗ ಅದನ್ನು ಎಲ್ಲಿಂದ, ಯಾವ ಮುದ್ರಣದಿಂದ ತೆಗೆದುಕೊಂಡುದೆಂಬುದನ್ನು ಅದರೊಡನೆಯೇ ಬರೆದಿಡಬೇಕು. ಅನ್ಯಭಾಷೆಗಾಗಿ ಮಾಡಿದ ತಂತ್ರಾಂಶವನ್ನು ಕನ್ನಡಕ್ಕೆ ಅಳವಡಿಸುವಾಗ ಕನ್ನಡವು ಎಲ್ಲೆಲ್ಲಿ ಭಿನ್ನವೆಂಬ ಪಟ್ಟಿಯನ್ನು ಮೊದಲು ಸಿದ್ಧಪಡಿಸಬೇಕು. ಈ ಪಟ್ಟಿಯನ್ನು ಮಾಡಬಲ್ಲವರು ಯಂತ್ರವನ್ನು ಬಲ್ಲವರಲ್ಲ, ವ್ಯಾಕರಣವನ್ನು ಬಲ್ಲವರು; ಎಂದರೆ ಈ ಪತ್ರಿಕೆಯ ವಾಚಕರೇ. ಮೂರನೆಯದಾಗಿ, ಅಳವಡಿಸಿದ ತಂತ್ರಾಂಶವನ್ನು ಇಂದಿನ ಸುಲಭವಾದ ಗದ್ಯದಿಂದ ಮಾತ್ರ ಪರೀಕ್ಷಿಸದೆ, ಹಳಗನ್ನಡದ ಕಠಿನವಾದ ಪದಗಳಿಂದ ಪರೀಕ್ಷಿಸಬೇಕು. ಅದಕ್ಕೆ ಒರೆಗಲ್ಲಾಗಿ ಹಲ್ಮಿಡಿಯ ‘ಬಾಳ್ಗೞ್ಚು’ ಎಂಬ ಒಂದು ಪದವನ್ನು ಇಟ್ಟುಕೊಂಡರೂ ಸಾಕು. ಅದನ್ನು ಬರೆಯಿಸಿ, ತೋರಿಸಿ, ಅಕಾರಾದಿಯಲ್ಲಿ ಜೋಡಿಸಿ, ಇನ್ನೊಂದು ಲಿಪಿಗೆ ಕಳುಹಿಸಿ ಮರಳಿ ಕರೆಯಿಸಿದಾಗ ಅದರ ಎರಡು ಅಕ್ಷರಗಳೂ ತಮ್ಮ ತಮ್ಮ ರೂಪದಲ್ಲಿಯೇ ಹಿಂದಿರುಗಿದರೆ, ಆ ತಂತ್ರಾಂಶವನ್ನು ಕನ್ನಡದ ಕಾರ್ಯಕ್ಕೆ ನಂಬಿ ಹಚ್ಚಬಹುದು.